ದೇವದುರ್ಗದಲ್ಲಿ ದನಿ ಹೋದ ವರ್ಷ

ಹೋದ ತಿಂಗಳು ಒಂದು ಮದುವೆಗೆಂದು ದೇವದುರ್ಗಕ್ಕೆ ಹೋಗಿದ್ದೆವು. ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಒಣಮೆಣಸಿನಕಾಯಿಯ ಘಾಟು ಗಂಟಲಿಗೆ ಬಡಿಯಿತು. ಬಸ್‌ಸ್ಟ್ಯಾಂಡಿನ ಹಿಂದಿನ ಬಯಲಿನಲ್ಲಿ ಯಾರೋ ಕಾಯಿ ಹರವಿದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತಾ ನಿಂತೆ. ಪಕ್ಕದಲ್ಲಿ ನಮ್ಮ ಯಜಮಾನರೂ ಕೆಮ್ಮುತ್ತಿದ್ದರು. ಈಗ ಅವರ ಕೆಮ್ಮಿಗೆ ಸದ್ದಿದೆ. ಆ ವರ್ಷ ಸದ್ದಿರಲಿಲ್ಲ. ಬಾಯಿ ತೆರೆದು, ಕಣ್ಣಲ್ಲಿ ನೀರು ತಂದುಕೊಂಡು, ಭುಜ ಕುಣಿಸುತ್ತಾ ನಿಂತಿರುತ್ತಿದ್ದರು. ಗಾಳಿ ಮಾತ್ರ ಹೊರಗೆ ಬರುತ್ತಿತ್ತು.

ನನ್ನ ಯಜಮಾನರು ಸತ್ಯಾನಂದ, ಸಭಾಪಾಲಕರು, ಅಂದರೆ ಚರ್ಚಿನ ಪಾಸ್ಟರು. ಮಾನ್ವಿಯಿಂದ ದೇವದುರ್ಗಕ್ಕೆ ವರ್ಗವಾಗಿ ಬಂದಾಗ ಅವರಿಗಿಂತ ಮೊದಲು ಅವರ ದನಿಯ ಸುದ್ದಿ ಊರು ತಲುಪಿತ್ತು. ಮಾನ್ವಿಯಲ್ಲಿದ್ದಾಗ ಎಷ್ಟೋ ಭಾನುವಾರ ಪ್ರಸಂಗದ ನಡುವೆ, ವೇದದ ಮಾತು ಬಿಡಿಸಿ ಹೇಳುತ್ತಿರುವಾಗಲೇ, ಕರೆಂಟು ಹೋಗುತ್ತಿತ್ತು. ಮೈಕು ಸತ್ತರೂ ಇವರು ನಿಲ್ಲಿಸುತ್ತಿರಲಿಲ್ಲ, ಕಡೆಯ ಸಾಲಿನ ಕಿವುಡು ಮುದುಕನಿಗೂ ಕೇಳುತ್ತಿತ್ತು. ಕೀರ್ತನೆ ಎತ್ತಿಕೊಂಡರೆ ರಸ್ತೆಯ ಮೇಲೆ ಹೋಗುವ ಗಾಡಿಯವರು ಗಾಡಿ ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ.

ನಾನು ಮಲ್ಲಟದವಳು, ಗದ್ದೆ ಕೂಲಿಯವರ ಮಗಳು. ಓದಿದ್ದು ಹತ್ತನೆಯ ಇಯತ್ತೆಯ ತನಕ. ಹೆಂಗಸರ ಪ್ರಾರ್ಥನಾಕೂಟದಲ್ಲಿಯೂ ಬಾಯಿಬಿಟ್ಟವಳಲ್ಲ. ಸರದಿ ನನ್ನ ತನಕ ಬಂದರೆ ಪಕ್ಕದವಳನ್ನು ಮೊಣಕೈಯಿಂದ ತಿವಿದು ದಾಟಿಸಿಬಿಡುತ್ತಿದ್ದೆ. ಅವರು ಮಾತು, ನಾನು ಆಮೆನ್. ಮದುವೆಯಾದಂದಿನಿಂದ ಹಾಗೇ ನಡೆದಿತ್ತು. ನಮಗೆ ಮಕ್ಕಳಾಗಲಿಲ್ಲ. ಅದಕ್ಕೂ ನಾನು ಆಮೆನ್ ಅಂದುಕೊಂಡಿದ್ದೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಇವರ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ರಾಯಚೂರಿನಲ್ಲಿ ತೋರಿಸಿದಾಗ, ಬಿಟ್ಟರೆ ಬೆಳೆಯುತ್ತದೆ, ತೆಗೆಸಲೇಬೇಕು ಎಂದರು. ತೆಗೆಯುವಾಗ ದನಿಯ ನರಕ್ಕೆ ಪೆಟ್ಟಾದರೂ ಆಗಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು. ಇವರು ನಕ್ಕು, "ದನಿ ಕೊಟ್ಟಾವ ನೋಡ್ಕೋತಾನ ಬಿಡ್ರಿ" ಅಂದಿದ್ದರು. ಅವರು ಅಷ್ಟು ಗಟ್ಟಿಯಾಗಿ ಆಡಿದ ಕೊನೆಯ ಮಾತು ಅದೇ. ಆಪರೇಷನ್ ಆಗಿ ಎಚ್ಚರವಾದಾಗ ನನ್ನ ಹೆಸರು ಕರೆಯಲು ನೋಡಿದರು. ತುಟಿ ಆಡಿದವು, ಸದ್ದು ಬರಲಿಲ್ಲ.

"ಬರಬಹುದು, ಬರದೇನೂ ಇರಬಹುದು" ಅಂದರು ವೈದ್ಯರು. "ತಿಂಗಳುಗಟ್ಟಲೆ ಕಾಯಬೇಕಮ್ಮ."

ಊರಿಗೆ ಹೊರಡುವ ಮೊದಲು ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಒಂದು ಪಾಟಿ, ಒಂದು ಡಬ್ಬಿ ಬಳಪ ಕೊಂಡೆವು. ಅಂಗಡಿಯವನು "ಯಾವ ಕ್ಲಾಸ್ ಅದಾರ್ರಿ ಮಗಾ?" ಎಂದು ಕೇಳಿದ. ಇವರು ಮುಖ ತಿರುಗಿಸಿದರು.

ದೇವದುರ್ಗದಲ್ಲಿ ನಮಗೆ ಕೊಟ್ಟಿದ್ದ ಮನೆ ಎರಡು ಕೋಣೆಯದು, ದೇವಾಲಯದ ಗೋಡೆಗೆ ಅಂಟಿಕೊಂಡಿತ್ತು. ಒಂದು ಕಿಟಕಿ ದೇವಾಲಯದ ಅಂಗಳಕ್ಕೆ ತೆರೆಯುತ್ತಿತ್ತು, ಇನ್ನೊಂದು ಪಕ್ಕದ ಖೈರುನ್‌ಬಿ ಅವರ ಹೊಲಿಗೆ ಅಂಗಡಿಗೆ. ಹತ್ತಿ ಬಿಡಿಸುವ ಕಾಲ ಶುರುವಾಗಿತ್ತು. ಸಭೆಯವರೆಲ್ಲ ಹೊಲಗಳಲ್ಲಿರುತ್ತಿದ್ದರು, ಭಾನುವಾರ ತಲೆಯಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಬರುತ್ತಿದ್ದರು.

ಒಂದು ಸಂಜೆ ರಾಯಚೂರಿನಿಂದ ನಮ್ಮ ಸಭೆಗಳ ಮೇಲ್ವಿಚಾರಕರು ಬಂದರು. ಸಭೆಯ ಹಿರಿಯರೂ ಕೂಡಿದರು. ಹಿರಿಯರಲ್ಲಿ ಮುಖ್ಯರು ಸಮುವೇಲಪ್ಪ. ಸಾಲಿ ಮಾಸ್ತರಾಗಿ ನಿವೃತ್ತರಾದವರು, ಒಳ್ಳೆಯವರು, ಆದರೆ ಎಲ್ಲವೂ ಮೊದಲಿದ್ದ ಹಾಗೇ ಇರಬೇಕು ಎನ್ನುವವರು.

"ಸಭಾ ನಿಲ್ಲಬಾರ್ದು" ಅಂದರು ಮೇಲ್ವಿಚಾರಕರು. "ಬ್ಯಾರೆ ಪಾಸ್ಟರನ ಕಳಿಸಬೇಕಂದ್ರ ಅವರಿಗಿ ಈ ಮನಿ ಬಿಟ್ಟುಕೊಡಬೇಕಾಗ್ತದ. ನೀವs ಹೇಳ್ರಿ, ಏನ್ ಮಾಡೋಣು?"

ಇವರು ಪಾಟಿ ತೆಗೆದುಕೊಂಡು ಬರೆದರು. ಎಲ್ಲರಿಗೂ ಕಾಣುವಂತೆ ತಿರುಗಿಸಿ ಹಿಡಿದರು. ಸಮುವೇಲಪ್ಪ ಗಟ್ಟಿಯಾಗಿ ಓದಿದರು: "ಸುಶೀಲಾ ನಡೆಸುತ್ತಾಳೆ."

ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಪ್ಪುಗಳ ಕಡೆ ನೋಡಿದೆ.

"ಅಮ್ಮನೋರು ಓದ್ತಾರೇನ್ರೀ?" ಸಮುವೇಲಪ್ಪನವರಿಗೆ ಅನುಮಾನ.

ಇವರು ಮತ್ತೆ ಬರೆದರು: ನಾನು ಬರೆದು ಕೊಡುತ್ತೇನೆ, ಅವಳು ಓದುತ್ತಾಳೆ. ಅಲ್ಲಿಗೆ ಮಾತು ಮುಗಿಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಒಲ್ಲೆ ಅಂದರೆ ಮನೆ ಹೋಗುತ್ತಿತ್ತು, ಅವರ ಸೇವೆಯೂ ಹೋಗುತ್ತಿತ್ತು. ಹೂಂ ಅನ್ನುವ ಧೈರ್ಯ ನನ್ನಲ್ಲಿರಲಿಲ್ಲ.

ಮೊದಲ ಭಾನುವಾರ ಪೀಠದ ಹಿಂದೆ ನಿಂತೆ. ಕೈಯಲ್ಲಿನ ಹಾಳೆಗಳು ಮೈಕಿಗೆ ತಾಗಿ ಪರಪರ ಸದ್ದು ಮಾಡಿದವು. ಇವರು ಮುಂದಿನ ಬೆಂಚಿನಲ್ಲಿ ಕೂತು ಒಂದೊಂದು ಪದಕ್ಕೂ ತುಟಿ ಆಡಿಸುತ್ತಿದ್ದರು. ನಾನು ಒಂದು ಪದ ತಪ್ಪಿದರೆ ಬೆಂಚಿನ ಮೇಲೆ ಬೆರಳಿನಿಂದ ಟಕ್ ಎಂದು ಬಡಿಯುತ್ತಿದ್ದರು. ಅವರ ವಾಕ್ಯಗಳು ಉದ್ದ. ಅವರ ಎದೆಗೆ ಹೊಲಿದ ಅಂಗಿಯನ್ನು ನಾನು ತೊಟ್ಟ ಹಾಗೆ ಜೋತಾಡುತ್ತಿದ್ದವು. ಎಲ್ಲಿ ಉಸಿರು ಬಿಡಬೇಕೋ ತಿಳಿಯುತ್ತಿರಲಿಲ್ಲ. ಮುಗಿದ ಮೇಲೆ ಹೆಂಗಸರು ಕೈ ಹಿಡಿದು "ವಂದನಿ ಅಮ್ಮನೋರೆ" ಅಂದರು. ಯಾರೂ ಪ್ರಸಂಗದ ಮಾತೆತ್ತಲಿಲ್ಲ.

ವಾರಗಳು ಹಾಗೇ ಉರುಳಿದವು. ಮನೆಯಲ್ಲಿ ಇವರು ದಿನವಿಡೀ ಪಾಟಿ ಹಿಡಿದು ಕೂರುವರು. ಸಿಟ್ಟು ಬಂದಾಗ ಬಳಪ ಕಿರ್ ಅಂದು ಮುರಿಯುತ್ತಿತ್ತು. ಯಾರಾದರೂ ಬಂದರೆ ಒಳಕೋಣೆಗೆ ಹೋಗಿ ಪರದೆ ಎಳೆದುಕೊಳ್ಳುವರು, ನಾನು ಹೊಸ್ತಿಲಲ್ಲಿ ನಿಂತು ಎಲ್ಲರಿಗೂ ಅದೇ ಉತ್ತರ ಹೇಳಬೇಕು. "ದನಿ ಇನ್ನಾ ಬಂದಿಲ್ರೀ. ಪ್ರಾರ್ಥನಿ ಮಾಡ್ರಿ." ನನ್ನ ದನಿ ಸ್ವಲ್ಪ ಏರಿದರೂ ಅವರ ಮುಖ ಸಣ್ಣದಾಗುತ್ತಿತ್ತು. ಹಾಗಾಗಿ ಮನೆಯೊಳಗೆ ನಾನೂ ಪಿಸುಮಾತಿಗೆ ಇಳಿದೆ. ಪಾತ್ರೆ ಇಡುವಾಗಲೂ ಸದ್ದಾಗದಂತೆ ಇಡುತ್ತಿದ್ದೆ. ಭಾನುವಾರ ಮೈಕಿನ ಮುಂದೆ ಅವರ ಮಾತು, ವಾರವೆಲ್ಲ ಮನೆಯಲ್ಲಿ ಅವರ ಮೌನ. ಎರಡರ ನಡುವೆ ನಾನು ಎಲ್ಲಿದ್ದೇನೆಂದು ನನಗೇ ತಿಳಿಯುತ್ತಿರಲಿಲ್ಲ.

ಕ್ರಿಸ್‌ಮಸ್ ಕಳೆದ ಮೇಲೆ ಮಲ್ಲಟದಿಂದ ನನ್ನ ತಮ್ಮ ಫೋನು ಮಾಡಿದ. ಅವ್ವ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. "ಒಂದೆರಡು ದಿನ ಬಂದು ಹೋಗಕ್ಕಾ, ನಿನ್ನs ಕೇಳಾಕತ್ತಾಳ." ಇವರಿಗೆ ಹೇಳಿದೆ. ಇವರು ಬರೆದರು: ಬುಧವಾರದ ಪ್ರಾರ್ಥನೆ ಯಾರು ನಡೆಸುವುದು? ನಾನು ಹೋಗಲಿಲ್ಲ. ಅಡಿಗೆಮನೆಯ ಮೂಲೆಯಲ್ಲಿ ಕೂತು ಅವ್ವನೊಡನೆ ಪಿಸುಗುಟ್ಟಿದೆ. "ಜೋರು ಮಾತಾಡವ್ವಾ, ಏನೂ ಕೇಳವಲ್ದು" ಅಂದಳು ಅವ್ವ. ಜೋರು ಮಾತಾಡಲು ಆಗಲಿಲ್ಲ.

ಅದೇ ದಿನಗಳಲ್ಲಿ ನಳದ ಹತ್ತಿರ ಒಂದು ಮಾತು ಕಿವಿಗೆ ಬಿತ್ತು. ನಮ್ಮ ವೇದದಲ್ಲಿ, ಬೈಬಲಿನಲ್ಲಿ, ಒಬ್ಬ ಯಾಜಕನ ಕಥೆ ಇದೆಯಲ್ಲ, ಮುಪ್ಪಿನಲ್ಲಿ ನಿನಗೆ ಮಗ ಹುಟ್ಟುತ್ತಾನೆ ಎಂದು ದೂತ ಹೇಳಿದರೆ ನಂಬದೆ ಮೂಕನಾದವನು. ಅದನ್ನು ಹಿಡಿದು ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಸುಮ್ಮಸುಮ್ಮನ ಬಾಯಿ ಕಟ್ಟತಾನೇನ ದೇವರು? ಅಯ್ಯನೋರ ಒಳಗ ಏನೈತೋ ಯಾರು ಬಲ್ಲರು." ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದೆ. ಇವರಿಗೆ ಹೇಳಲಿಲ್ಲ. ಆದರೆ ಅದು ಇವರಿಗೆ ಮೊದಲೇ ಗೊತ್ತಿತ್ತು, ಅಂಗಳದ ಮಾತೆಲ್ಲ ಕೇಳುವ ಆ ಕಿಟಕಿ ತೆರೆದೇ ಇರುತ್ತಿತ್ತಲ್ಲ. ಬೆಳಿಗ್ಗೆ ಮೊಣಕಾಲೂರಿ ಕೂತವರು ಬಿಸಿಲು ಏರುವ ತನಕ ಏಳುತ್ತಿರಲಿಲ್ಲ. ಯಾವ ಪಾಪ, ಯಾವ ಪಾಪ ಎಂದು ತಮ್ಮೊಳಗೇ ಅಗೆಯುತ್ತಿದ್ದರು. ಅವರೂ ಅದನ್ನು ನಂಬಿದ್ದರು.

ನನ್ನ ಪ್ರಾರ್ಥನೆ ಒಂದೇ ಇತ್ತು. ದೇವರೇ, ಇವರ ದನಿ ಕೊಡು, ನನ್ನನ್ನು ಬಿಡಿಸು. ಮೊದಲನೆಯದಕ್ಕಿಂತ ಎರಡನೆಯದನ್ನೇ ಹೆಚ್ಚು ಬೇಡುತ್ತಿದ್ದೆನೋ ಏನೋ.

ಬಿಸಿಲು ಬಲಿಯತೊಡಗಿದಾಗ ಯೋಹಾನಪ್ಪ ತೀರಿಕೊಂಡ. ಹತ್ತಿ ಮಿಲ್ಲಿನ ಕಾವಲುಗಾರ, ನಮ್ಮ ಸಭೆಯವನು. ಅವನ ಹೆಂಡತಿ ಎಸ್ತೇರಮ್ಮ ಹೊಲಕೂಲಿಯವಳು, ಗಟ್ಟಿ ಹೆಂಗಸು. ಇವರು ಸಮಾಧಿಯ ಪ್ರಾರ್ಥನೆಯನ್ನು ಬರೆದುಕೊಟ್ಟರು. ಶವ ಎತ್ತುವ ಹೊತ್ತಿಗೆ ಸಮುವೇಲಪ್ಪ ನನ್ನನ್ನು ತಡೆದರು.

"ಅಮ್ಮನೋರೆ, ನೀವು ಇಲ್ಲೇ ಇರ್ರಿ. ಕುಣಿ ತನಕ ಹೆಣ್ಮಕ್ಕಳು ಬರೂದು ನಮ್ಮಲ್ಲಿ ಇಲ್ಲ. ಆ ಹಾಳಿ ಕೊಡ್ರಿ, ನಾ ಓದ್ತೀನಿ."

ನನಗೆ ಒಳಗೊಳಗೇ ಹಾಯೆನಿಸಿತು. ಹಾಳೆ ಕೊಡಲು ಕೈ ಚಾಚಿದೆ. ಅಷ್ಟರಲ್ಲಿ ಎಸ್ತೇರಮ್ಮ ಶವದ ಬಳಿಯಿಂದ ಎದ್ದು ಬಂದಳು.

"ಗಂಡ ನನ್ನಾವ. ಅಮ್ಮನೋರು ಬರ್ತಾರ, ನಾನೂ ಬರ್ತೀನಿ. ಯಾರು ತಡೀತೀರಿ ತಡೀರಿ."

ಯಾರೂ ತಡೆಯಲಿಲ್ಲ. ಕುಣಿಯ ಹತ್ತಿರ ನಿಂತು ಹಾಳೆ ಬಿಚ್ಚಿದೆ. ಇವರು ಚೆನ್ನಾಗಿಯೇ ಬರೆದಿದ್ದರು, ಪರಲೋಕದ ಬಾಗಿಲು, ಮಹಿಮೆಯ ಕಿರೀಟ, ಎಲ್ಲ. ಎದುರಿಗೆ ಎಸ್ತೇರಮ್ಮ ಮಣ್ಣಿನ ಗುಡ್ಡೆಯ ಮೇಲೆ ಕೈ ಊರಿ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆ ಮುಖದ ಮುಂದೆ ಓದಲು ಬಾಯಿ ಬರಲಿಲ್ಲ. ಹಾಳೆ ಮಡಚಿದೆ. ನನಗೆ ಗೊತ್ತಿದ್ದುದನ್ನು ಹೇಳಿದೆ. ಯೋಹಾನಪ್ಪ ರಾತ್ರಿಪಾಳಿ ಮುಗಿಸಿ ನೆಟ್ಟಗೆ ದೇವಾಲಯಕ್ಕೆ ಬರುತ್ತಿದ್ದ. ಕಡೆಯ ಸಾಲಿನಲ್ಲಿ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದ. ಆದರೂ ಒಂದು ಭಾನುವಾರ ತಪ್ಪಿಸಿದವನಲ್ಲ. "ಕರ್ತನೇ, ನಿನ್ನ ಮನೆಯಲ್ಲಿ ಇವನಿಗೆ ನೆಮ್ಮದಿಯ ನಿದ್ದೆ ಬರುತ್ತಿತ್ತು. ಈಗ ಮಲಗಿದ್ದಾನೆ, ನೋಡಿಕೋ" ಅಂದೆ. ಇನ್ನೇನು ಹೇಳಿದೆನೋ ನೆನಪಿಲ್ಲ. ಎಸ್ತೇರಮ್ಮ ದೊಡ್ಡ ದನಿ ತೆಗೆದು ಅತ್ತಳು. ಅಲ್ಲಿಯತನಕ ಅವಳು ಅತ್ತಿರಲಿಲ್ಲ.

ಇವರು ಗಂಡಸರ ಹಿಂದೆ ನಿಂತಿದ್ದರು. ಮಡಚಿದ ಹಾಳೆಯನ್ನು ನೋಡಿದರು. ಮನೆಗೆ ಬಂದ ಮೇಲೆ ಏನೂ ಬರೆಯಲಿಲ್ಲ. ಮರುದಿನವೂ ಬರೆಯಲಿಲ್ಲ. ಶನಿವಾರ ಬಂದರೂ ಪ್ರಸಂಗದ ಹಾಳೆ ನನ್ನ ಕೈಗೆ ಬರಲಿಲ್ಲ. ಕೇಳಿದರೆ ಗೋಡೆಯ ಕಡೆ ಮುಖ ಮಾಡಿದರು.

ಸಂಜೆ ರೊಟ್ಟಿ ಹಿಟ್ಟು ಜರಡಿ ಹಿಡಿಯುತ್ತಾ ಕೂತವಳಿಗೆ ಕಣ್ಣೀರು ತಡೆಯಲಾಗಲಿಲ್ಲ. ಕಿಟಕಿಯ ಆಚೆ ಖೈರುನ್‌ಬಿ ಮಷೀನು ನಿಲ್ಲಿಸಿ, "ಕ್ಯಾ ಹುವಾ ಸುಶೀಲಾಬಾಯಿ?" ಅಂದರು. ವಿಧವೆ, ನನಗಿಂತ ಹಿರಿಯರು. ಮನೆಯಲ್ಲಿ ದಖ್ಖನಿ, ನನ್ನೊಡನೆ ಕನ್ನಡ.

"ನಾಳಿಗಿ ಹೇಳಾಕ ನನ್ನ ಹತ್ರ ಏನೂ ಇಲ್ಲ ಆಪಾ. ಇವರು ಬರದು ಕೊಡವಲ್ರು."

"ಅಚ್ಛಾ ಆತು ಬಿಡು" ಅಂದರು ಅವರು, ದಾರ ಕಡಿಯುತ್ತಾ. "ಪ್ರತಿ ಐತವಾರ ನಿಮ್ಮ ಮೈಕು ನನ್ನ ಕಿವಿಯಾಗs ಇರ್ತದ. ಅದು ನಿನ್ನ ಮಾತು ಅನಸೂದೇ ಇಲ್ಲ ನೋಡು. ಪರಾಯಿ ಕುಬುಸ, ಮಂದೀದು ತೊಟ್ಟಂಗ. ನಾ ಸುಳ್ಳs ಯಾಕ ಹೇಳಲಿ."

ಅಳುವಿನ ನಡುವೆಯೂ ನಗು ಬಂತು. ಆ ವರ್ಷ ನಿಜ ಹೇಳಿದವರು ಅವರೊಬ್ಬರೇ.

ಭಾನುವಾರ ಬರಿಗೈಯಲ್ಲಿ ಪೀಠಕ್ಕೆ ಹೋದೆ. ಇವರು ಮುಂದಿನ ಬೆಂಚಿನಲ್ಲಿ ಕೈ ಕಟ್ಟಿ ಕೂತಿದ್ದರು. ಏನು ಹೇಳಲಿ ಎಂದು ಪೀಠದ ಮೇಲಿದ್ದ ವೇದದ ಪುಟ ತಿರುವಿದಾಗ ನಳದ ಹತ್ತಿರ ಕೇಳಿದ ಆ ಮೂಕ ಯಾಜಕನ ಕಥೆಯೇ ಕಣ್ಣಿಗೆ ಬಿತ್ತು. ಓದಿದೆ. ಆಮೇಲೆ ಹೇಳಿದೆ: "ಈ ಕಥಿ ನಮ್ಮ ಮನಿ ಮ್ಯಾಲ ಹೇಳಾಕತ್ತೀರಿ ಅಂತ ನನಗ ಗೊತ್ತದ."

ನಳದ ಹತ್ತಿರ ಮಾತಾಡಿದ್ದವಳು ತಲೆ ತಗ್ಗಿಸಿ ಸೆರಗು ಎಳೆದುಕೊಂಡಳು.

"ನೀವೆಲ್ಲಾರೂ ಆ ಯಾಜಕನ ಬಾಯಿನೇ ನೋಡಿದ್ರಿ. ಅವನ ಹೇಣ್ತಿ ಮನ್ಯಾಗ ಇದ್ದಳಲ್ಲ, ಆಕಿನ ಯಾರಾದ್ರೂ ಕೇಳಿದ್ರೇನು? ಅಷ್ಟು ತಿಂಗಳು ಆಕಿ ಒಬ್ಬಾಕಿನೇ ಮಾತಾಡ್ಯಾಳ. ಕೂಸಿನ ಹೆಸರು ಮೊದಲು ಹೇಳಿದಾಕಿನೂ ಆಕಿನೇ. ಮಂದಿ ಆಕಿ ಮಾತು ನಂಬಲಿಲ್ಲ. ಗಂಡ ಹಲಗಿ ಮ್ಯಾಲ ಬರದು ತೋರಿಸಿದ ಮ್ಯಾಲ ನಂಬಿದ್ರು. ನನಗ ಕೂಸಿಲ್ಲ, ಹೆಸರಿಡಾಕ ಏನೂ ಇಲ್ಲ. ಆದ್ರ ದೇವರು ಒಬ್ಬರ ಬಾಯಿ ಮುಚ್ಚಿದಾಗ ಶಿಕ್ಷಾ ಅಂತ ತಿಳೀಬ್ಯಾಡ್ರಿ. ನನ್ನ ಗಂಡ ಎಂಥಾವ್ರು ಅಂತ ನಿಮಗಿಂತ ನನಗ ಗೊತ್ತದ."

ಇವರು ಎದ್ದರು. ಬೆಂಚು ಹಿಂದಕ್ಕೆ ಸರಿದ ಸದ್ದಿಗೆ ಎಲ್ಲರೂ ತಿರುಗಿದರು. ನಡುದಾರಿಯಲ್ಲಿ ನಡೆದು ಹೊರಗೆ ಹೋಗಿಬಿಟ್ಟರು. ನನ್ನ ಮಾತು ಅರ್ಧಕ್ಕೇ ನಿಂತಿತು. ಅವರ ಹಿಂದೆ ಓಡಬೇಕೆನಿಸಿತು. ಆದರೆ ಎಸ್ತೇರಮ್ಮ ಕೆಳಗಿನಿಂದ "ಮುಂದ ಹೇಳ್ರಿ ಅಮ್ಮನೋರೆ" ಅಂದಳು. ಮುಂದೆ ಹೇಳಿದೆ.

ಆರಾಧನೆ ಮುಗಿಸಿ ಮನೆಗೆ ಹೋದಾಗ ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದರು. ಪಾಟಿ ಹತ್ತಿರವಿರಲಿಲ್ಲ. ಬೈಯುತ್ತಾರೆ, ಕೈಯಿಂದಾದರೂ ಬೈಯುತ್ತಾರೆ ಎಂದು ನಿಂತೆ. ಅವರು ಬಾಯಿ ತೆರೆದರು. ಆಪರೇಷನ್ ಆದಾಗಿನಿಂದ ನನ್ನ ಮುಂದೆ ಒಮ್ಮೆಯೂ ಮಾತಿಗೆ ಬಾಯಿ ತೆರೆದಿರಲಿಲ್ಲ, ಗಾಳಿಯ ಸದ್ದು ನನಗೆ ಕೇಳಿಸಬಾರದೆಂಬ ಹಟ. ಈಗ ಗಾಳಿಯಲ್ಲೇ ಹೇಳಿದರು: "ಸಾಕಾಗ್ಯಾದ."

"ನನಗೂ" ಅಂದೆ.

ಅವರ ಪಕ್ಕದಲ್ಲಿ ಕೂತೆ. ಅವರು ಅಳುತ್ತಿದ್ದರು. "ನೀ ಹೇಳಿದ್ದು" ಎಂದು ಶುರುಮಾಡಿ ಉಸಿರು ಸಾಲದೆ ನಿಲ್ಲಿಸಿದರು. ನಾನೂ ಪೂರ್ತಿ ಮಾಡಲು ಒತ್ತಾಯಿಸಲಿಲ್ಲ. ಆ ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡೆವು.

ಅಲ್ಲಿಂದ ಮನೆಯ ಗಾಳಿ ಸ್ವಲ್ಪ ಸಡಿಲಾಯಿತು. ನಾನು ಮಲ್ಲಟಕ್ಕೆ ಹೋಗಿ ಅವ್ವನ ಹತ್ತಿರ ಇದ್ದು ಬಂದೆ. ಇವರು ಪರದೆ ಸರಿಸಿ ಹೊರಗೆ ಬರತೊಡಗಿದರು. ಎಸ್ತೇರಮ್ಮನ ಮನೆಗೆ ಹೋಗಿ ಸುಮ್ಮನೆ ಕೂತು ಬರುವರು. ಕಾಯಿಲೆಯವರ ತಲೆಯ ಮೇಲೆ ಕೈಯಿಟ್ಟು ಹೊತ್ತು ಕಳೆಯುವರು. ಮೊದಲು ಎರಡು ಮಾತಿನ ಪ್ರಾರ್ಥನೆ ಮುಗಿಸಿ ಎದ್ದುಬಿಡುತ್ತಿದ್ದವರು ಈಗ ಎದ್ದು ಹೋಗಲು ಅವಸರ ಮಾಡುತ್ತಿರಲಿಲ್ಲ. ನಾನು ಶನಿವಾರಗಳಲ್ಲಿ ನನ್ನ ಪ್ರಸಂಗವನ್ನು ನಾನೇ ಯೋಚಿಸುತ್ತಿದ್ದೆ, ರೊಟ್ಟಿ ಬಡಿಯುತ್ತಾ, ಬಟ್ಟೆ ಒಗೆಯುತ್ತಾ. ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಆದರೆ ಭಾನುವಾರಕ್ಕೆ ಕಾಯುವುದನ್ನು ಕಲಿತುಬಿಟ್ಟಿದ್ದೆ.

ಪುನರುತ್ಥಾನದ ಹಬ್ಬ, ಈಸ್ಟರ್, ಹತ್ತಿರ ಬರುತ್ತಿದ್ದಾಗ ಇವರ ದನಿ ಮರಳಿತು. ಮೊದಲಿನದಲ್ಲ. ಒಡೆದ ಗಡಿಗೆಯ ಸದ್ದಿನಂಥದು, ಕೀರ್ತನೆಗೆ ಆಗದ್ದು, ಆದರೆ ಮಾತು ತಿಳಿಯುತ್ತಿತ್ತು. ನಾನು ಕುಣಿದಾಡಿದೆ. ಸಭೆಯೆಲ್ಲ ಸ್ತೋತ್ರ ಹೇಳಿತು. ಹಬ್ಬದ ಮರುವಾರ ಸಮುವೇಲಪ್ಪ ನನ್ನನ್ನು ಮುಂದೆ ಕರೆದು ಶಾಲು ಹೊದಿಸಿದರು.

"ಅಮ್ಮನೋರು ಬಾಳ ತ್ರಾಸ ತಗೊಂಡ್ರು. ದೇವರ ದಯಾ, ಅಯ್ಯನೋರು ಮಾತಾಡಾಕತ್ತಾರ. ಇನ್ನ ಅಮ್ಮನೋರು ಆರಾಮ ಕೂಡ್ರಲಿ."

ಚಪ್ಪಾಳೆ ಬಿತ್ತು. ಶಾಲು ಹೊದ್ದುಕೊಂಡೇ ಹೋಗಿ ಹೆಂಗಸರ ಚಾಪೆಯ ಮೇಲೆ ಕೂತೆ. ಇವರು ಪೀಠಕ್ಕೆ ಹೋದರು, ಒಡಕು ದನಿಯಲ್ಲಿ ಪ್ರಸಂಗ ಮಾಡಿದರು, ಜನ ಅತ್ತರು. ನಾನೂ ಅತ್ತೆ. ಆದರೆ ನನ್ನ ಅಳು ಬೇರೆ. ಬೇಡಿಕೊಂಡ ಎರಡೂ ಸಿಕ್ಕಿದ್ದವು, ಇವರ ದನಿ, ನನ್ನ ಬಿಡುಗಡೆ. ಈ ಬಿಡುಗಡೆಯೇ ನನಗೆ ಉಸಿರು ಕಟ್ಟಿಸುತ್ತಿತ್ತು. ಬಾಯಿಯಲ್ಲಿ ಮಾತಿತ್ತು, ಆಡುವ ಹಾಗಿರಲಿಲ್ಲ. ಅಷ್ಟು ತಿಂಗಳು ಇವರು ಆ ಬೆಂಚಿನಲ್ಲಿ ಹೇಗೆ ಕೂತಿದ್ದರು ಎಂಬುದು ಅಂದು ನನಗೆ ತಿಳಿಯಿತು.

ಬೇಸಿಗೆ ಮುಗಿಯುವ ತನಕ ಹಾಗೇ ಕೂತೆ. ಒಂದು ಸಲ ರಾಯಚೂರಿನಲ್ಲಿ ಕೂಟವಿದ್ದಾಗ ಮೇಲ್ವಿಚಾರಕರು, ಬಾಗಲವಾಡದ ಹತ್ತಿರದ ಒಂದು ಕೇರಿಗೆ ಎಷ್ಟೋ ದಿನದಿಂದ ಯಾರೂ ಹೋಗುತ್ತಿಲ್ಲ, ಅಲ್ಲಿ ಪ್ರಾರ್ಥನೆಯೇ ನಿಂತಿದೆ ಎಂದು ಬೇಸರಪಟ್ಟುಕೊಂಡರು. ಕಳಿಸಲು ಪಾಸ್ಟರಿಲ್ಲ ಎಂದರು. ಊಟದ ಹೊತ್ತಿಗೆ ಅವರ ಹತ್ತಿರ ಹೋದೆ.

"ನಾ ಹೋಗ್ಲೇನ್ರಿ?"

ಅವರು ತುತ್ತು ಹಿಡಿದ ಕೈ ನಿಲ್ಲಿಸಿದರು. "ಒಬ್ಬರೇ? ಸತ್ಯಾನಂದ ಒಪ್ತಾರೇನಮ್ಮಾ?"

"ಅವರನ್ನ ನಾ ಕೇಳ್ತೀನ್ರಿ. ನಿಮ್ಮನ್ನ ಮೊದಲು ಕೇಳಾಕತ್ತೀನಿ."

ಇವರು ಒಪ್ಪಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಕೇಳಿದರೆ ಕಿಟಕಿಯ ಕಡೆ ತಿರುಗಿದರು. ಮನೆಯಲ್ಲಿ ಹೇಳಿದರು: "ನನಗ ಪೂರ್ತಿ ಆರಾಧನಿ ನಡಸೂದು ಇನ್ನಾ ಆಗೂದಿಲ್ಲ ಸುಶೀಲಾ. ನಡುವ ದನಿ ಬಿದ್ರ ಯಾರು ಹಿಡೀಬೇಕು? ಅಲ್ಲದs ಜನ ಏನಂತಾರ?"

ಅವರ ಭಯ ಸುಳ್ಳಲ್ಲ. ಪ್ರಸಂಗದ ಕೊನೆಗೆ ದನಿ ಬೀಳುತ್ತಿತ್ತು. ಆಗ ಎದ್ದು ಆಶೀರ್ವಾದದ ಮಾತು ಹೇಳುವವಳು ನಾನೇ. ಅಷ್ಟಕ್ಕೇ ನಾನು ಬೇಕಿತ್ತು.

"ದನಿ ಬಿದ್ರ ಸಮುವೇಲಪ್ಪನವರು ಓದ್ತಾರ" ಅಂದೆ. "ಅವರಿಗೂ ಆಸೆ ಅದ. ಬಾಗಲವಾಡದಾಗ ಓದಾಕ ಯಾರೂ ಇಲ್ಲ. ನೀವು ಆ ದಿನ ಪಾಟಿ ಮ್ಯಾಲ ಬರದ್ರಿ, ಸುಶೀಲಾ ನಡೆಸುತ್ತಾಳೆ ಅಂತ. ನನ್ನ ಕೇಳಲಿಲ್ಲ. ಈಗ ನಾ ಕೇಳಾಕತ್ತೀನಿ. ನಡೆಸ್ಲೇನು?"

ಅವರು ಎದ್ದು ಒಳಕೋಣೆಗೆ ಹೋದರು. ಆ ವಾರ ನಮ್ಮಿಬ್ಬರಿಗೂ ಕಷ್ಟವಾಯಿತು. ದನಿ ಇದ್ದೂ ಆಡಲಿಲ್ಲ ಅವರು. ನಾನು ಮಾತ್ರ ಪಿಸುಮಾತಿಗೆ ಇಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು, ವೇದ ಚೀಲಕ್ಕೆ ಹಾಕಿಕೊಂಡು ಹೊರಟೆ. ಬಾಗಿಲು ದಾಟುವಾಗ ಅವರು ಹಿಂದೆ ಬಂದು ಚೀಲ ತೆಗೆದುಕೊಂಡರು. ಬಸ್‌ಸ್ಟ್ಯಾಂಡಿನ ತನಕ ಮುಂದೆ ಮುಂದೆ ನಡೆದರು. ಕವಿತಾಳದ ಬಸ್ಸು ತಡವಾಗಿತ್ತು. ಇಬ್ಬರೂ ಕಲ್ಲಿನ ಬೆಂಚಿನ ಮೇಲೆ ಕೂತೆವು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆ ಒಡಕು ದನಿಯಲ್ಲಿ ಕೇಳಿದರು:

"ಏನ್ ಹೇಳ್ತಿ ಇವತ್ತ?"

ಅಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದರು.

"ಇನ್ನಾ ಗೊತ್ತಿಲ್ರೀ" ಅಂದೆ. ಅವರು ತಲೆ ಆಡಿಸಿದರು. ಬಸ್ಸು ಬಂತು, ಚೀಲ ಕಿಟಕಿಯಿಂದ ಕೊಟ್ಟರು. ಆರಾಧನೆಗೆ ಹೊತ್ತಾಗುತ್ತದೆಂದು ಬಸ್ಸು ಹೊರಡುವ ಮೊದಲೇ ಸರಸರ ಹೋಗಿಬಿಟ್ಟರು.

ಕವಿತಾಳದಲ್ಲಿ ಇಳಿದು ಬೇರೆ ಗಾಡಿ ಹಿಡಿದು ಬಾಗಲವಾಡದ ಕೇರಿ ತಲುಪಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಪ್ರಾರ್ಥನೆಯ ಮನೆಗೆ ಬೀಗ ಹಾಕಿತ್ತು, ಬೀಗಕ್ಕೆ ತುಕ್ಕು ಹಿಡಿದಿತ್ತು. ಬೇವಿನ ನೆರಳಿನಲ್ಲಿ ಕೆಲವು ಹೆಂಗಸರು ಕೂತಿದ್ದರು, ದೇವದುರ್ಗದಿಂದ ಬರುತ್ತಾರೆಂದು ಮೇಲ್ವಿಚಾರಕರು ಹೇಳಿ ಕಳಿಸಿದ್ದರಂತೆ. ಅವರಲ್ಲಿ ಹಿರಿಯಳೊಬ್ಬಳು ಕೈ ಕಣ್ಣಿನ ಮೇಲಿಟ್ಟು ನನ್ನ ಹಿಂದಿನ ದಾರಿಯನ್ನು ನೋಡಿದಳು.

"ಅಯ್ಯನೋರು ಹಿಂದ ಬರಾಕತ್ತಾರೇನವ್ವಾ?"

"ಇಲ್ಲ ಯವ್ವಾ. ನಾನs ಬಂದೀನಿ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿದಳು.

"ಹಂಗಾದ್ರ ಬಾ, ಕೂಡ್ರು. ಇಲ್ಲೂ ನಾವs ಅದೀವಿ."